ಬೆಟ್ಟ ಓಗೊಡದ ಹೆಸರುಗಳು

ನಮ್ಮೂರಿನಲ್ಲಿ ಊರವರು ಯಾರು, ಹೊರಗಿನವರು ಯಾರು ಎಂದು ಹೇಳುತ್ತಿದ್ದುದು ಬೆಟ್ಟ. ಕೋಟೆಯ ಬಾಗಿಲ ಪಕ್ಕದಲ್ಲಿ ಎದೆಯೆತ್ತರದ ಕಲ್ಲಿನ ಕಟ್ಟೆಯೊಂದಿತ್ತು. ಅದರ ಮೇಲೆ ನಿಂತು ಒಬ್ಬರ ಹೆಸರನ್ನು ಕೂಗಿದರೆ, ಅವರು ಊರವರಾಗಿದ್ದರೆ ಎದುರಿನ ಬೆಟ್ಟ ಆ ಹೆಸರನ್ನು ತಿರುಗಿ ಕೂಗುತ್ತಿತ್ತು. ಅಲ್ಲದಿದ್ದರೆ ಸುಮ್ಮನಿರುತ್ತಿತ್ತು. ನಾಯಿ ಬೊಗಳಿದರೂ, ಕಲ್ಲು ಒಡೆದರೂ, ಯಾರಾದರೂ ಜೋರಾಗಿ ಸೀನಿದರೂ ದನಿ ತಿರುಗಿಸುತ್ತಿದ್ದ ಬೆಟ್ಟ ಅದು. ಕೂಸಿಗೆ ಮೂರು ತಿಂಗಳು ತುಂಬಿದಾಗ ಕಟ್ಟೆಯ ಹತ್ತಿರ ತಂದು ಹೆಸರು ಕೂಗಿಸುತ್ತಿದ್ದರು; ಬೆಟ್ಟ ಓಗೊಟ್ಟ ಮೇಲೆ ಬೆಲ್ಲ ಹಂಚುತ್ತಿದ್ದರು. ಬೇರೆ ಊರಿನಿಂದ ಬಂದ ಸೊಸೆಯಂದಿರು ಒಂದು ಮಳೆಗಾಲ ಕಳೆದು ಕಟ್ಟೆಗೆ ಬರುತ್ತಿದ್ದರು. ಬೆಟ್ಟ ಯಾಕೆ ಹೀಗೆ ಮಾಡುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಕೂಗುವ ಕೆಲಸ ನಮ್ಮ ಮನೆತನದ್ದು. ಅಪ್ಪನಿಗೆ ನಾನೊಬ್ಬಳೇ ಮಗಳು, ತಂಗೆವ್ವ. ಅಪ್ಪನ ಗಂಟಲು ಹೋದ ಮೇಲೆ ಬಾಗಿಲ ಕಚೇರಿಯವರು ನನ್ನಿಂದ ನಾಲ್ಕು ಹೆಸರು ಕೂಗಿಸಿ ನೋಡಿ ಕೆಲಸಕ್ಕೆ ಇಟ್ಟುಕೊಂಡರು. ಕಚೇರಿಯ ಯಜಮಾನರು ನನ್ನ ಸೋದರಮಾವ ಗುರುಸಿದ್ದಪ್ಪ. ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು. ಅವರು ಕೆಟ್ಟವರೆಂದು ಈಗಲೂ ನನಗೆ ಹೇಳಲು ಬರುವುದಿಲ್ಲ. ಅದೇ ನನಗೆ ತಿಳಿಯದ ಸಂಗತಿ.

ಅಪ್ಪನ ಕಾಲದಲ್ಲಿ ಕೋಟೆಯ ಗೋಡೆ ಬಿರುಕು ಬಿಟ್ಟಿತ್ತು. ಸುಣ್ಣ ಸುಡಲು ಹೊಳೆಯಾಚೆಯಿಂದ ಜನರನ್ನು ಕರೆಸಿದರು. ದೋಣಿಗಟ್ಟಲೆ ಬಂದರು. ಊರಿನ ತೆಂಕಣದ ಬಯಲಲ್ಲಿ ಸುಣ್ಣ ಸುಡುವ ಗೂಡು ಕಟ್ಟಿಕೊಂಡರು. ಅವರನ್ನು ಊರಲ್ಲಿ ಗೂಡಿನವರು ಎಂದು ಕರೆಯತೊಡಗಿದರು. ಒಂದು ಮಳೆಗಾಲ ಕಳೆದ ಮೇಲೆ ಅಪ್ಪ ಕಟ್ಟೆ ಹತ್ತಿ ಅವರ ಹೆಸರುಗಳನ್ನು ಕೂಗಿದ. ಬೆಟ್ಟ ಒಂದನ್ನೂ ಬಿಡದೆ ಓಗೊಟ್ಟಿತು. "ಒಂದ ಮಳಿಗಾಲ ನಮ್ಮ ಕೆರಿ ನೀರು ಕುಡದ್ರ ಸಾಕಿತ್ತವ್ವಾ. ಅದಕ್ಕ ಮತ್ತೇನೂ ಬೇಕಾಗಿರಲಿಲ್ಲ" ಎಂದು ಅಪ್ಪ ಹೇಳುತ್ತಿದ್ದ.

ಗೋಡೆ ಮುಗಿದು, ನಾನು ಕೂಗುವ ಕೆಲಸಕ್ಕೆ ಬಂದ ಮೇಲೆ ಮೊದಲ ಕಾನೂನು ಬಂತು. ಹೊಳೆಯಾಚೆಯಿಂದ ಇನ್ನು ಹೊಸಬರು ಬರಕೂಡದು. ಕಚೇರಿಯ ಪುಸ್ತಕದಲ್ಲಿ ಅದನ್ನು ಬರೆದ ದಿನದಿಂದ ಬೆಟ್ಟ ಹೊಳೆಯಾಚೆಯ ಹೊಸ ಹೆಸರುಗಳಿಗೆ ಸುಮ್ಮನಾಯಿತು. ಆಮೇಲೆ ಎರಡನೆಯದು. ಯಾವ ಕಡೆಯಿಂದ ಎಷ್ಟು ಜನ ಬರಬಹುದೆಂದು ತೀರ್ಮಾನಿಸಲು ನಲವತ್ತು ವರ್ಷ ಹಳೆಯ ಎಣಿಕೆಯ ಪುಸ್ತಕ ತೆಗೆದರು. ಆಗ ಯಾರು ಎಷ್ಟಿದ್ದರೋ ನೂರಕ್ಕೆ ಇಬ್ಬರಂತೆ ಬರಬಹುದು. ನಲವತ್ತು ವರ್ಷದ ಹಿಂದೆ ಗೂಡಿನವರು ಬಂದೇ ಇರಲಿಲ್ಲ. ಅವರ ಪಾಲಿಗೆ ಸೊನ್ನೆ ಬಂತು. ಹೊಸ ಪುಸ್ತಕ ಇರುವಾಗ ಹಳೆಯದು ಯಾಕೆ ಎಂದು ನಾನು ಮಾವನನ್ನು ಕೇಳಿದೆ. "ಹಳೇದ್ರಾಗ ಊರು ಊರಿನಂಗ ಇತ್ತವ್ವಾ" ಎಂದರು.

ಇದನ್ನೆಲ್ಲ ಕೂಗಿದವಳು ನಾನು. ತಮ್ಮನನ್ನು ಕರೆಸಿಕೊಳ್ಳಲು ಬಂದವರು, ತಾಯಿಯನ್ನು ಕರೆತಂದವರು ಕಟ್ಟೆಯ ಕೆಳಗೆ ನಿಲ್ಲುತ್ತಿದ್ದರು. ನಾನು ಕೂಗುತ್ತಿದ್ದೆ, ಬೆಟ್ಟ ಸುಮ್ಮನಿರುತ್ತಿತ್ತು, ಅವರು ಇನ್ನೂ ಕಿವಿಗೊಟ್ಟು ನಿಂತಿರುವಾಗಲೇ ಕಾವಲಿನವನು ಮುಂದಿನವರನ್ನು ಕರೆಯುತ್ತಿದ್ದ. ಮಧ್ಯಾಹ್ನ ಮನೆಗೆ ಹೋಗಿ ನಾನು ಊಟ ಮಾಡುತ್ತಿದ್ದೆ. ನನ್ನ ಗಂಡ ಹಾಲಪ್ಪ ಗೂಡಿನವರ ಮಗ. ಆದರೆ ಅವನು ಕೋಟೆಯೊಳಗೇ ಹುಟ್ಟಿದವನು. ಅವನ ಹೆಸರನ್ನು ಮೂರನೇ ತಿಂಗಳಲ್ಲಿ ಕೂಗಿದವನು ನನ್ನಪ್ಪ. ಈ ಕಾನೂನು ಬರುವವರಿಗೆ, ಇರುವವರಿಗಲ್ಲ ಎಂದು ನಾನು ತಿಳಿದಿದ್ದೆ. ಹಾಲಪ್ಪನೂ ಹಾಗೆಯೇ ತಿಳಿದಿದ್ದ. ನಮ್ಮ ಮಗಳು ನಿಂಬೆವ್ವನಿಗೆ ಆಗ ಮೂರು ವರ್ಷ.

ಮೂರನೆಯ ಕಾನೂನು ಇರುವವರಿಗೆ ಬಂತು. ಗೂಡಿನವರ ಹೆಸರು ಪುಸ್ತಕಕ್ಕೆ ಸೇರಿದ್ದೇ ತಪ್ಪಿನಿಂದ, ಆದ್ದರಿಂದ ಪ್ರತಿಯೊಬ್ಬರನ್ನೂ ಮತ್ತೆ ನೋಡಬೇಕು ಎಂದರು. ಕಚೇರಿಗೆ ಒಂದು ಹಲಗೆ ಬಂತು. ಅದರ ಮೇಲೆ ಒಂಬತ್ತು ಬಣ್ಣದ ಪಟ್ಟಿಗಳು, ಗೋಧಿಯ ಬಣ್ಣದಿಂದ ಹಿಡಿದು ಹಂಚಿನ ತಳದ ಬಣ್ಣದವರೆಗೆ. ಮುಂಗೈಯ ಒಳಭಾಗವನ್ನು ಹಲಗೆಯ ಪಕ್ಕದಲ್ಲಿ ಹಿಡಿಯಬೇಕು. ನಾಲ್ಕನೆಯ ಪಟ್ಟಿಯವರೆಗಿನದು ಊರಿನ ಬಣ್ಣ. ಗೂಡಿನವರ ಕೈ ಸುಣ್ಣ ಮೆತ್ತಿ ಬೆಳ್ಳಗಿರುತ್ತಿದ್ದುದರಿಂದ ಮೊದಲು ಕೈ ತೊಳೆಸುತ್ತಿದ್ದರು.

ಮೊದಲ ದಿನವೇ ಲೋಕಪ್ಪನೆಂಬ ಗೂಡಿನವನ ಕೈ ಎರಡನೆಯ ಪಟ್ಟಿಗೆ ಸರಿಹೊಂದಿತು. ಹಲಗೆ ಹಿಡಿದ ಗುಮಾಸ್ತನಿಗಿಂತ ಅವನು ಬೆಳ್ಳಗಿದ್ದ. ಗುಮಾಸ್ತ ಮಾವನ ಮುಖ ನೋಡಿದ.

"ಬಣ್ಣ ಒಂದ ನೋಡಿದ್ರ ಆಗೂದಿಲ್ಲ" ಎಂದರು ಮಾವ. "ಮೂಲ ಯಾವುದು? ಆಚಿ ದಂಡಿ. ಮೂಲ ಮುಖ್ಯ."

ನಾಲ್ಕು ದಿನದ ನಂತರ ಮೈಲಾರಪ್ಪ ಎಂಬ ಮುದುಕ ಒಂದು ತಾಮ್ರದ ತಗಡು ತಂದ. ಕೋಟೆ ಕಟ್ಟಿಸಿದವನೂ ತನ್ನ ಮುತ್ತಜ್ಜನ ಮುತ್ತಜ್ಜನೂ ಒಡಹುಟ್ಟಿದವರೆಂದು ಅದರಲ್ಲಿ ಕೊರೆದಿತ್ತು. ಮಾವ ಎರಡು ಸಲ ಓದಿದರು. ತಗಡು ಸುಳ್ಳೆಂದು ಅವರು ಹೇಳಲಿಲ್ಲ.

"ಮೂಲ ಇದ್ದಿರಬಹುದು" ಎಂದರು. "ಆದ್ರ ದಾರಿ ಮ್ಯಾಲ ಹೋಗೋ ಯಾರನ್ನರ ಕೇಳ್ರಿ, ನಿಮ್ಮನ್ನ ನೋಡಿದ್ರ ನಮ್ಮೋರು ಅಂತಾರೇನು?" ಮುದುಕನ ಕೈ ಏಳನೆಯ ಪಟ್ಟಿಯ ಪಕ್ಕದಲ್ಲಿತ್ತು.

"ಹಂಗಾದ್ರ ಮೂಲ ಮುಖ್ಯ ಅಂದಿದ್ರೆಲ್ಲ, ಲೋಕಪ್ಪಗ?"

"ಅದು ಲೋಕಪ್ಪಂದು. ಇದು ನಿಮ್ದು."

ಗುಮಾಸ್ತ ಎರಡೂ ತೀರ್ಮಾನಗಳನ್ನು ಒಂದೇ ಪುಸ್ತಕದಲ್ಲಿ, ಎದುರುಬದುರು ಪುಟಗಳಲ್ಲಿ, ಅದೇ ಮುದ್ದಾದ ಅಕ್ಷರದಲ್ಲಿ ಬರೆದ. ಮಾವನ ಕೈ ಆರನೆಯ ಪಟ್ಟಿಯ ಬಣ್ಣದ್ದು. ಅದನ್ನು ಹಲಗೆಯ ಪಕ್ಕದಲ್ಲಿ ಹಿಡಿಯಲು ಯಾರೂ ಹೇಳಲಿಲ್ಲ. ನಾನು ಅಲ್ಲೇ ನಿಂತಿದ್ದೆ. ನನಗೆ ನಗು ಬಂತು. ಇಷ್ಟು ಹುಚ್ಚುಚ್ಚಾದದ್ದು ಹೆಚ್ಚು ದಿನ ನಡೆಯಲಾರದು ಅನ್ನಿಸಿತ್ತು. ಮನೆಗೆ ಹೋಗಿ ಹಾಲಪ್ಪನಿಗೆ ಹೇಳಿದಾಗ ಅವನೂ ನಕ್ಕ.

ಒಂದು ಸೋಮವಾರ ಬೆಳಿಗ್ಗೆ ಹೆಸರುಗಳ ಪಟ್ಟಿ ಬಂತು. ಗೂಡಿನವರನ್ನೆಲ್ಲ ಬಾಗಿಲ ಹತ್ತಿರ ಸೇರಿಸಿದ್ದರು. ಒಲೆಯ ಮೇಲೆ ಅನ್ನಕ್ಕಿಟ್ಟು ಬಂದಿದ್ದೇವೆ, ಬೇಗ ಮುಗಿಸಿ ಎಂದು ಹೆಂಗಸರು ಹೇಳುತ್ತಿದ್ದರು. ಗುಮಾಸ್ತ ಕೆಳಗಿನಿಂದ ಒಂದೊಂದೇ ಹೆಸರು ಹೇಳುವುದು, ನಾನು ಕೂಗುವುದು. ಮೊದಲ ಹೆಸರು ಕೆಂಚವ್ವ. ಊರಿನ ಸೂಲಗಿತ್ತಿ. ನಾನು ಹುಟ್ಟಿದ್ದು ಅವಳ ಕೈಯಲ್ಲಿ. ಗುಮಾಸ್ತ ಹುಟ್ಟಿದ್ದೂ ಅವಳ ಕೈಯಲ್ಲೇ.

ಕೂಗಿದೆ. ಬೆಟ್ಟ ಸುಮ್ಮನಿತ್ತು.

ಕೆಂಚವ್ವ ಕಟ್ಟೆಯ ಬುಡಕ್ಕೆ ಬಂದು ಮುಖ ಎತ್ತಿ ನನ್ನನ್ನು ನೋಡಿದಳು. "ಗಂಟಲು ಕೆಟ್ಟೈತೇನವ್ವಾ ನಿಂದು? ಬಿಸಿನೀರು ಕುಡದು ಇನ್ನೊಮ್ಮಿ ಕೂಗು."

ಇನ್ನೊಮ್ಮೆ ಕೂಗಿದೆ. ಮತ್ತೊಮ್ಮೆ ಕೂಗಿದೆ. ಮೂರನೆಯ ಸಲ ನನ್ನ ದನಿ ಒಡೆದು ಹೋಯಿತು. ಆಗ ಯಾರದೋ ಆಡು ಅರಚಿತು, ಬೆಟ್ಟ ಅದನ್ನು ಸ್ಪಷ್ಟವಾಗಿ ತಿರುಗಿ ಅರಚಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಲೆಯ ಮೇಲಿನ ಅನ್ನದ ಮಾತು ನಿಂತಿತು.

ದೊಡ್ಡವರದೇ ಇನ್ನೂರ ಹದಿನಾರು ಹೆಸರು ಕೂಗಿದೆ; ಸಣ್ಣ ಮಕ್ಕಳ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಮಧ್ಯೆ ಇಳಿದು ಹೋಗಬಹುದಿತ್ತು, ಹೋಗಲಿಲ್ಲ. ಮುಂದಿನ ಹೆಸರಿಗಾದರೂ ಬೆಟ್ಟ ಓಗೊಟ್ಟೀತು ಎಂಬ ಆಸೆಯಿಂದ ಕೂಗಿದೆನೋ, ಕೂಗುವುದು ರೂಢಿಯಾಗಿತ್ತೆಂದು ಕೂಗಿದೆನೋ, ಯೋಚಿಸಿದರೆ ಈಗಲೂ ಗೊತ್ತಾಗುವುದಿಲ್ಲ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಮದುವೆಯಾಗಿ ಆರು ವರ್ಷವಾದರೂ ನಾನು ಆ ಹೆಸರನ್ನು ಆಡಿರಲಿಲ್ಲ. ಆ ದಿನ ಇಡೀ ಊರಿನ ಮುಂದೆ ಕೂಗಿದೆ. ಹಾಲಪ್ಪ ನಾಚಿಕೊಂಡು ತಲೆ ತಗ್ಗಿಸಿದ. ಆಮೇಲೆ ಏನೂ ಕೇಳಿಸದಿದ್ದಾಗ ನಿಧಾನಕ್ಕೆ ತಲೆ ಎತ್ತಿದ.

ಮುಗಿಯಿತೆಂದು ಕಟ್ಟೆ ಇಳಿಯಲು ಹೊರಟೆ. ಗುಮಾಸ್ತ ಕಾಗದವನ್ನು ತಿರುವಿದ. ಹಿಂಬದಿಯಲ್ಲಿ ಇನ್ನೂ ಒಂದು ಸಾಲಿತ್ತು. ಅವನು ಓದದೆ ಕಾಗದವನ್ನು ಮಾವನ ಕೈಗೆ ಕೊಟ್ಟ.

"ತಂಗೆವ್ವಾ" ಎಂದರು ಮಾವ.

"ಹೇಳ್ರಿ ಮಾವ."

"ಕರದಿದ್ದಲ್ಲವ್ವಾ. ಹೆಸರು ಓದಿದೆ. ಹೆಂಡತಿ ಗಂಡನ ಕಡೆಯಾಕಿ ಅಂತ ಕಾನೂನಿನಾಗ ಐತಿ. ಕೂಗು."

ನನ್ನ ಹೆಸರನ್ನು ನಾನೇ ಕೂಗಿದೆ. ಹಿಂದೆ ಮಕ್ಕಳಾಟಕ್ಕೆ ಎಷ್ಟೋ ಸಲ ಕೂಗಿದ್ದೆ. ಆಗೆಲ್ಲ ಬೆಟ್ಟ ಎಷ್ಟು ಬೇಗ ಓಗೊಡುತ್ತಿತ್ತೆಂದರೆ ನನ್ನ ಕೂಗು ಮುಗಿಯುವುದರೊಳಗೆ ಅದರದ್ದು ಶುರುವಾಗುತ್ತಿತ್ತು. ಈಗ ನನ್ನ ದನಿ ಕೆರೆಯ ಮೇಲೆ ಹೋದದ್ದು ಗೊತ್ತಾಯಿತು, ಬಂಡೆಗೆ ತಾಗಿದ್ದೂ ಗೊತ್ತಾದಂತಿತ್ತು, ಅಷ್ಟೇ. ಕಟ್ಟೆಯ ಮೇಲೇ ಕುಳಿತೆ. ನಾನು ಸತ್ತಿದ್ದೇನೆಯೇ ಎಂಬ ಸಂಶಯ ಬಂದು ಮೊಣಕೈ ಚಿವುಟಿಕೊಂಡೆ.

ಮರುದಿನ ಮಾವ ಮನೆಗೆ ಬಂದರು. ಹೊರಹೋಗಲು ಮೂರು ದಿನದ ಗಡುವಿತ್ತು. ಅವರ ಕೈಯಲ್ಲಿ ಒಂದು ಕಾಗದ. ಚಾಪೆಯ ಮೇಲೆ ಕುಳಿತು, ನಾನು ಕೊಟ್ಟ ನೀರು ಕುಡಿದು, ಸಣ್ಣ ದನಿಯಲ್ಲಿ ಹೇಳಿದರು: "ಗಂಡನ್ನ ಬಿಟ್ಟೀನಿ ಅಂತ ಇದಕ್ಕ ಸಹಿ ಹಾಕಿದ್ರ ನಿನ್ನ ಹೆಸರು ತಿರುಗಿ ಬರ್ತೈತಿ. ಕೂಸು ನಿನ್ನ ಕೂಡ ಇರ್ತೈತಿ. ನಿಮ್ಮವ್ವ ನನ್ನ ಕೈಯಾಗ ಕೊಟ್ಟು ಸತ್ತಾಳ ನಿನ್ನ. ನನಗ ಬ್ಯಾರೆ ದಾರಿ ಕಾಣವಲ್ದು."

"ನಾ ಹಾಕಂಗಿಲ್ಲ" ಎಂದೆ.

ಹಾಲಪ್ಪ ಕಾಗದವನ್ನು ತೆಗೆದುಕೊಂಡು ನೋಡಿದ. ಅವನಿಗೆ ಓದು ಬರುತ್ತಿತ್ತು. ಎರಡು ಸಲ ಓದಿ ನನ್ನ ಮುಂದಿಟ್ಟ. "ಹಾಕು. ಹೊರಗ ಹೊಳಿ ಐತಿ, ಮ್ಯಾಲ ಆಕಾಶ ಐತಿ. ಕೂಸಿಗೆ ಕೆಮ್ಮು. ಕಾಗದದಾಗ ಬಿಟ್ರ ಬಿಟ್ಟಂಗ ಆತೇನು?"

"ನೀವಽ ಹಿಂಗಂತೀರಲ್ಲ!"

"ಮತ್ತ್ಯಾರು ಅನಬೇಕು?" ಎಂದವನೇ ಎದ್ದು ಹಿತ್ತಲಿಗೆ ಹೋದ. ಸಹಿ ಹಾಕುವುದನ್ನು ಅವನು ನೋಡಲಿಲ್ಲ.

ಗುರುವಾರ ಬಾಗಿಲು ತೆರೆದಿತ್ತು. ಗೂಡಿನವರು ಗಂಟು ಮೂಟೆ ಹೊತ್ತು ಸಾಲಾಗಿ ಹೊರಗೆ ಹೋಗುತ್ತಿದ್ದರು. ಹಾಲಪ್ಪ ಬಾಗಿಲಾಚೆ ನಿಂತಿದ್ದ. ಹೆಸರು ತಿರುಗಿ ಬಂದದ್ದನ್ನು ಎಲ್ಲರೂ ಕೇಳಬೇಕೆಂದು ಮಾವ ನನ್ನನ್ನು ಕಟ್ಟೆ ಹತ್ತಿಸಿದರು. ನಾನು ಬಾಯಿ ತೆರೆದು "ತಂಗೆವ್ವಾ" ಎಂದೆ. ಕೂಗಲೂ ಇಲ್ಲ, ಬರೀ ಅಂದೆ. ಬೆಟ್ಟ ಅದನ್ನು ಎತ್ತಿಕೊಂಡು ಮೂರು ಸಲ ಕೂಗಿತು. ಅಷ್ಟು ದೊಡ್ಡ ದನಿಯಲ್ಲಿ ಅದು ಯಾರ ಹೆಸರನ್ನೂ ಕೂಗಿದ್ದನ್ನು ನಾನು ಕೇಳಿಲ್ಲ. ಕೋಟೆಯ ಕೆಲವರು ಚಪ್ಪಾಳೆ ತಟ್ಟಿದರು. ಹಾಲಪ್ಪ ಬಾಗಿಲಾಚೆಯಿಂದ ನನ್ನನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಸಮಾಧಾನ ಕಂಡಿತು. ಅದನ್ನು ನೋಡಿ ನಾನು ಕೂಸಿನ ಕಡೆ ತಿರುಗಿದೆ.

"ಇನ್ನು ಕೂಸಿಂದು" ಎಂದ ಗುಮಾಸ್ತ. ಪಟ್ಟಿ ಭರ್ತಿ ಮಾಡಬೇಕಲ್ಲ.

ನಿಂಬೆವ್ವನನ್ನು ಕಟ್ಟೆಯ ಕೆಳಗೆ ನಿಲ್ಲಿಸಿದ್ದೆವು. ಅವಳ ಹೆಸರು ಕೂಗಿದೆ. ಬೆಟ್ಟ ಸುಮ್ಮನಿತ್ತು. ನಗುತ್ತಾ ಬೆಟ್ಟದ ಕಡೆ ನೋಡುತ್ತಿದ್ದ ಕೂಸು ಇನ್ನೂ ನಗುತ್ತಲೇ ಕಾಯುತ್ತಿತ್ತು. ಮತ್ತೆ ಕೂಗಿದೆ.

ಮಾವ ಗುಮಾಸ್ತನ ಕೈಯಿಂದ ಕಾನೂನಿನ ಪ್ರತಿ ಕಸಿದುಕೊಂಡು ಓದತೊಡಗಿದರು. ಅವರ ಬೆರಳು ಸಾಲಿನಿಂದ ಸಾಲಿಗೆ ಇಳಿದು ಒಂದು ಕಡೆ ನಿಂತಿತು. "ಕೂಸು ತಂದಿ ಕಡೆ" ಎಂದರು. "ತಾಯಿ ತಿರುಗಿ ಬಂದ್ರೂ ಕೂಸು ತಂದಿ ಕಡೆನಽ. ಇದನ್ನ ನಾ ನೋಡಿರಲಿಲ್ಲವ್ವಾ."

"ನೀವು ಬರದದ್ದಲ್ಲೇನು ಇದು?"

"ನಾನಽ ಬರದದ್ದು" ಎಂದರು. "ಬರಿಯೂ ಮುಂದ ನಿನ್ನ ಕೂಸು ನೆನಪಿನಾಗ ಇರಲಿಲ್ಲ."

ನಾನು ಅವರಿಗೆ ಹೊಡೆಯುತ್ತೇನೆಂದು ಜನ ಎಣಿಸಿದ್ದರಂತೆ. ಕಟ್ಟೆ ಇಳಿದು ಕೂಸನ್ನು ಎತ್ತಿಕೊಂಡು ಬಾಗಿಲು ದಾಟಿದೆ. ಕಾವಲಿನವನು ಹಿಂದಿನಿಂದ ಕೂಗಿ ಹೇಳಿದ: "ಅಕ್ಕಾರ, ನೀವು ಹೊರಗ ಹೋಗಬೇಕಾಗಿಲ್ಲ! ನಿಮ್ದು ಸರಿಯಾಗೇತಿ!"

ಹೊಳೆಯ ನಡುವೆ ಮರಳು ಮತ್ತು ಲಕ್ಕಿ ಗಿಡಗಳ ಒಂದು ನಡುಗಡ್ಡೆ. ಅಲ್ಲಿಂದ ಮುಂದೆ ಹೋಗುವುದೆಂದು ಎಲ್ಲರೂ ಎಣಿಸಿದ್ದರು. ಆಚೆ ದಂಡೆಯ ಕಾವಲಿನವರು ದೋಣಿಯನ್ನು ತಡೆದರು. "ನಿಮ್ಮೊಳಗ ಮುದುಕರು ನಮ್ಮನ್ನ ಬಿಟ್ಟು ಹೋದೋರು. ಉಳದೋರು ಆ ಕೋಟಿಯೊಳಗ ಹುಟ್ಟಿದೋರು. ನಮ್ಮೋರು ಹೆಂಗ ಆದ್ರಿ?" ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಕೆಂಚವ್ವ ನೀರಿನಲ್ಲಿ ಮೊಣಕಾಲುದ್ದ ನಿಂತು ಈ ದಂಡೆಯನ್ನೊಮ್ಮೆ ಆ ದಂಡೆಯನ್ನೊಮ್ಮೆ ನೋಡಿ, "ಹಂಗಾದ್ರ ನಾವು ಯಾರ ಹೊಟ್ಟ್ಯಾಗ ಹುಟ್ಟಿದ್ವಿ?" ಎಂದು ಕೇಳಿದಳು. ದೋಣಿಯವನು ಸಾಮಾನು ಇಳಿಸಿ ಹೋದ.

ನಡುಗಡ್ಡೆಯಲ್ಲಿ ಹದಿನಾರು ವರ್ಷ ಇದ್ದೆವು. ಮೊದಲ ತಿಂಗಳಲ್ಲೇ ಕೆಂಚವ್ವ ನನಗೂ ಹಾಲಪ್ಪನಿಗೂ ಮತ್ತೆ ಮದುವೆ ಮಾಡಿಸಿದಳು. ಬೇಡವೆಂದರೂ ಕೇಳಲಿಲ್ಲ. ಅರಿಶಿನ ಇರಲಿಲ್ಲ, ಹೊಳೆಯ ಮಣ್ಣು ಹಚ್ಚಿದಳು. ಕೋಟೆಯ ಪುಸ್ತಕಕ್ಕೆ ಈ ಮದುವೆ ಸೇರಲಿಲ್ಲವಾದ್ದರಿಂದ ನಾನು ಗಂಡನಿಲ್ಲದ ಊರವಳಾಗಿಯೇ ಉಳಿದೆ. ಉಪ್ಪು, ಎಣ್ಣೆ, ಕೆಮ್ಮಿನ ಕಷಾಯದ ಬೇರು ಬೇಕಾದಾಗ ನನ್ನನ್ನೇ ಕಳಿಸುತ್ತಿದ್ದರು. ಬಾಗಿಲಲ್ಲಿ ಹೊಸ ಕೂಗುವವನು ನನ್ನ ಹೆಸರು ಕೂಗುತ್ತಿದ್ದ, ಬೆಟ್ಟ ಓಗೊಡುತ್ತಿತ್ತು, ನಾನು ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದೆ.

ಒಳಗಿನವರು ನನ್ನೊಡನೆ ಚೆನ್ನಾಗಿಯೇ ಮಾತಾಡುತ್ತಿದ್ದರು. ನನ್ನನ್ನು ದಿಗಿಲುಗೊಳಿಸಿದ್ದು ಅದೇ. ಸಂತೆಗೆ ಹೋಗಿ ಬಂದವಳನ್ನು ಕೇಳುವ ಹಾಗೆ "ಯಾವಾಗ ಬಂದಿ?" ಎಂದು ಕೇಳುತ್ತಿದ್ದರು. ಗೂಡುಗಳು ತಣ್ಣಗಾಗಿ ಬಯಲಲ್ಲಿ ಹುಲ್ಲು ಬೆಳೆದಿತ್ತು. ಸುಣ್ಣವಿಲ್ಲದೆ ಗೋಡೆಗಳು ಕಪ್ಪಿಟ್ಟಿದ್ದವು. ಹೆರಿಗೆಗೆ ಸೂಲಗಿತ್ತಿ ಇಲ್ಲವೆಂದು ಹೆಂಗಸರು ನನ್ನ ಹತ್ತಿರ ದೂರಿಕೊಳ್ಳುತ್ತಿದ್ದರು. ಕೆಂಚವ್ವನ ಹೆಸರು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಒಬ್ಬ ಗುಮಾಸ್ತನ ಸಂಸಾರ ಇತ್ತು. ಒಂದು ದಿನ ಆ ಮನೆಯ ಹೆಂಗಸು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, "ಅಕ್ಕಾ, ಈ ಅಗಳಿ ಬೀಳೂದಿಲ್ಲ. ನೀವು ಹೆಂಗ ಹಾಕತಿದ್ರಿ?" ಎಂದು ಕೇಳಿದಳು. ನಾನು ಬಾಗಿಲನ್ನು ಸ್ವಲ್ಪ ಎತ್ತಿ ಹಿಡಿದು ಅಗಳಿ ಹಾಕಿ ತೋರಿಸಿದೆ. ಅವಳು ಒಳಗಿದ್ದಳು, ನಾನು ಹೊರಗೆ. ಹೊಳೆಯ ದಡಕ್ಕೆ ಬರುವವರೆಗೂ ನಾನು ಏನು ಮಾಡಿದೆನೆಂದು ನನಗೆ ಹೊಳೆಯಲಿಲ್ಲ.

ನಡುಗಡ್ಡೆಯಿಂದಲೂ ಬೆಟ್ಟ ಕಾಣುತ್ತಿತ್ತು. ಮೊದಮೊದಲು ನಾವು ಎಂದಿನಂತೆ ಹೆಸರು ಹಿಡಿದು ಕೂಗಿಕೊಳ್ಳುತ್ತಿದ್ದೆವು. ನಾಯಿ ಬೊಗಳಿದರೆ ಬೆಟ್ಟ ಬೊಗಳುತ್ತಿತ್ತು, ಮಕ್ಕಳನ್ನು ಕೂಗಿದರೆ ಸುಮ್ಮನಿರುತ್ತಿತ್ತು. ಮೊದಲ ವರ್ಷವೇ ಒಂದು ಸಲ ನನ್ನ ಮಗಳು ನೀರಿನ ಆಳಕ್ಕೆ ಹೋಗುತ್ತಿದ್ದಾಗ ಹೆಸರು ಹಿಡಿದು ಚೀರಿದೆ. ಅವಳು ದಡಕ್ಕೆ ಬಂದು, "ಅವ್ವಾ, ಬೆಟ್ಟಕ್ಕ ನನ್ನ ಮ್ಯಾಲ ಸಿಟ್ಟೇನು?" ಎಂದು ಕೇಳಿದಳು. ಆಮೇಲೆ ನಾನು ಅವಳ ಹೆಸರು ಕೂಗಲಿಲ್ಲ. ಬೇರೆಯವರೂ ಒಬ್ಬೊಬ್ಬರಾಗಿ ಬಿಟ್ಟರು. ಯಾರು ಹೇಳಿದ್ದೂ ಅಲ್ಲ. ಬೇಕಾದವರ ಹತ್ತಿರ ನಡೆದುಹೋಗಿ ಮಾತಾಡಿಸುತ್ತಿದ್ದೆವು. ದೊಡ್ಡಾಕಿ, ನಡುವಿನಾವ, ಸಣ್ಣಾಕಿ ಎನ್ನುತ್ತಿದ್ದೆವು. ನನ್ನ ಮಗಳು ಸಣ್ಣಾಕಿ ಆದಳು. ನಿಂಬೆವ್ವ ಎಂಬುದು ಹಾಲಪ್ಪನ ಸತ್ತ ತಾಯಿಯ ಹೆಸರು. ಹಬ್ಬದ ದಿನ ಎಡೆ ಇಡುವಾಗ ಮಾತ್ರ ಅದು ನಮ್ಮ ಬಾಯಲ್ಲಿ ಬರುತ್ತಿತ್ತು. ಕೆಂಚವ್ವ ಏಳನೆಯ ವರ್ಷ ತೀರಿಕೊಂಡಳು. ಅವಳ ಕೈಯಲ್ಲಿ ನಡುಗಡ್ಡೆಯಲ್ಲಿ ಹನ್ನೊಂದು ಕೂಸು ಹುಟ್ಟಿದ್ದವು, ಯಾವ ದಂಡೆಯವೂ ಅಲ್ಲದವು.

ಹದಿನಾರನೆಯ ವರ್ಷ, ಬಿಸಿಲಿನ ಒಂದು ಬೆಳಿಗ್ಗೆ, ಒಬ್ಬ ಹೊಸ ಗುಮಾಸ್ತ ದೋಣಿಯಲ್ಲಿ ಬಂದ. ಮಾವ ಆಗ ತೀರಿಕೊಂಡಿದ್ದರು. ಗುಮಾಸ್ತ ನಿಂತಲ್ಲಿಂದಲೇ ಕಾಗದ ಓದಿದ. ಹಿಂದಿನ ನಿಯಮಗಳನ್ನು ಕೈಬಿಡಲಾಗಿದೆ, ಹೆಸರುಗಳನ್ನು ಮತ್ತೆ ಕೂಗಲಾಗುವುದು. ಒಂದೂವರೆ ಸಾಲು. ಯಾಕೆ ಬಂದಿತ್ತು, ಯಾಕೆ ಹೋಯಿತು ಎಂಬುದಿರಲಿಲ್ಲ. ಕಾಗದದ ಹಿಂಬದಿಯಲ್ಲೂ ಏನಾದರೂ ಇದೆಯೇ ನೋಡು ಎಂದೆ. ಅವನು ತಿರುವಿ ತೋರಿಸಿದ. ಖಾಲಿ ಇತ್ತು.

ಕೂಗುವವನಿಗೆ ಗೂಡಿನವರ ಹೆಸರುಗಳು ಬಾರವು, ನೀವೇ ಕೂಗಬೇಕು ಎಂದರು. ಕಟ್ಟೆ ಹತ್ತಿದೆ. ಕೋಟೆಯವರು ಒಂದು ಬದಿಗೆ, ನಡುಗಡ್ಡೆಯವರು ಒಂದು ಬದಿಗೆ ನಿಂತಿದ್ದರು. ಕೋಟೆಯ ಹೆಂಗಸರ ಕೈಯಲ್ಲಿ ಬೆಲ್ಲದ ತಟ್ಟೆಗಳಿದ್ದವು. ಗಂಡನ ಹೆಸರನ್ನು ಬಾಳಿನಲ್ಲಿ ಎರಡನೆಯ ಸಲ ಆಡಿದೆ. ಬೆಟ್ಟ ತಡಮಾಡದೆ ಓಗೊಟ್ಟಿತು, ನಿನ್ನೆಯೂ ಓಗೊಟ್ಟಿದ್ದಂತೆ. ಹಾಲಪ್ಪ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ.

ಆಮೇಲೆ ಮಗಳ ಹೆಸರು. ಕೂಗಿದೆ. "ನಿಂಬೆವ್ವಾ..." ಬೆಟ್ಟ ಕೂಗಿತು. ಕೆರೆಯ ಮೇಲೆ, ಕೋಟೆಯ ಮೇಲೆ, ಹೊಳೆಯವರೆಗೂ ಆ ಹೆಸರು ಹೋಯಿತು. ಗುಮಾಸ್ತ ಪುಸ್ತಕದಲ್ಲಿ ಗುರುತು ಹಾಕಿ, ಮುಂದೆ ಬರಬಹುದೆಂದು ಕೈ ಮಾಡಿದ.

ಹತ್ತೊಂಬತ್ತು ವರ್ಷದ ನನ್ನ ಮಗಳು ಅಲುಗಲಿಲ್ಲ. ತಿರುಗಿ ತನ್ನ ಹಿಂದಿದ್ದವರಿಗೆ ದಾರಿ ಬಿಟ್ಟುಕೊಟ್ಟು ನಿಂತಳು. ಯಾರೂ ಮುಂದೆ ಬರದಿದ್ದಾಗ ಮುಖ ಎತ್ತಿ ನನ್ನನ್ನು ನೋಡಿದಳು.

"ಅವ್ವಾ, ಅದು ಸತ್ತ ಅಜ್ಜಿ ಹೆಸರಲ್ಲೇನು?" ಎಂದಳು. "ಸತ್ತೋರನ್ನೂ ಒಳಗ ಕರೀತಾರೇನು?"